ಅಳಿಯನ ಮನೆತನದ ಹೆಸರು ಲಾಜನೆಸ್. ಫ್ರಾನ್ಸಿನ ಯಾವ ಊರಿನಿಂದ ಬಂದದ್ದು?

ಮೊಮ್ಮಗಳ ನಾಮಕರಣಕ್ಕೆ ವಂಶವೃಕ್ಷ, ಲಾಂಛನ ಮಾಡಿಸಬೇಕು ಅಂದಿದ್ದೀರಿ. ನನ್ನ ಅತ್ತೆಯ ತವರಿನ ಹೆಸರೂ ಲಾಜನೆಸ್ಸೇ. ಮದುವೆಯಾಗಿ ಮಾಂಟ್ರಿಯಲ್‌ಗೆ ಬಂದ ಹೊಸತರಲ್ಲಿ ನಾನೂ ಫ್ರಾನ್ಸಿನ ನಕ್ಷೆ ಹರಡಿಕೊಂಡು ಕೂತಿದ್ದೆ. ದಯವಿಟ್ಟು ಊರು ಹುಡುಕಬೇಡಿ. ಇದು ಊರಿನ ಹೆಸರಲ್ಲ, ಸೈನ್ಯದಲ್ಲಿ ಬಿದ್ದ ಅಡ್ಡಹೆಸರು.

1665ರಲ್ಲಿ ಫ್ರಾನ್ಸಿನ ಕಾರಿನ್ಯಾನ್-ಸಾಲಿಯೇರ್ ರೆಜಿಮೆಂಟಿನ ಸುಮಾರು 1,200 ಸೈನಿಕರು ಹಡಗು ಹತ್ತಿ, ಈಗ ಕೆನಡಾದಲ್ಲಿರುವ ಕ್ವಿಬೆಕ್‌ಗೆ ಬಂದರು. ತುಕಡಿಯಲ್ಲಿ ಯಾರನ್ನು ಕೇಳಿದರೂ ಜಾನ್, ಇಲ್ಲವೇ ಪಿಯೇರ್. ಗುರುತಿಗೆಂದು ಒಬ್ಬ ಲಾಫ್ಲರ್ (ಹೂವು) ಆದ, ಇನ್ನೊಬ್ಬ ಸಾನ್‌ಸೂಸಿ (ಚಿಂತೆಯಿಲ್ಲದವ), ಮೀಸೆ ಚಿಗುರದವನು ಲಾಜನೆಸ್ (ಯೌವನ). ಇವರಲ್ಲಿ ಸುಮಾರು 400 ಮಂದಿ ಇಲ್ಲೇ ಜಮೀನು ಮಾಡಿಕೊಂಡು ಉಳಿದರು. ಮುಂದೆ ಬಂದ ಸೈನಿಕರಲ್ಲೂ ಇದೇ ರೂಢಿ. ಮಕ್ಕಳಿಗೆ ಎರಡೂ ಹೆಸರು ಅಂಟಿದವು: ‘ಷಾರ್ಲ್ ದಿ ಲಾಜನೆಸ್’, ಅಂದರೆ ಲಾಜನೆಸ್ ಎಂದು ಕರೆಯಲ್ಪಡುವ ಷಾರ್ಲ್ ಮನೆತನದವನು. ಹಾಗಾಗಿ ರಕ್ತಸಂಬಂಧವೇ ಇಲ್ಲದ ಎಷ್ಟೋ ಮನೆಗಳು ಲಾಜನೆಸ್ ಆಗಿವೆ.

ನಾನು ಎಡವಿದ್ದು ಇಲ್ಲೇ. 1665ರವನೊಬ್ಬನನ್ನು ಹಿಡಿದು ಅಲ್ಲಿಂದ ಕೆಳಗಿಳಿಯುತ್ತಾ ಬಂದೆ. ಚರ್ಚಿನ ರಿಜಿಸ್ಟರಿನ ಸೂಚಿಯಲ್ಲಿ ಲಾಜನೆಸ್ ಒಂದನ್ನೇ ನೋಡಿದೆ, ಷಾರ್ಲ್ ಕಡೆ ಕಣ್ಣು ಹಾಯಿಸಲಿಲ್ಲ. ಒಂದೇ ತಂದೆತಾಯಿಯ ಹಿರಿಮಗನಿಗೆ ದೀಕ್ಷಾಸ್ನಾನವಾದಾಗ ಪಾದ್ರಿ ‘ಲಾಜನೆಸ್’ ಅಂತ ಬರೆದಿದ್ದರೆ, ಕಿರಿಯವನ ಹೊತ್ತಿಗೆ ಬಂದ ಬೇರೆ ಪಾದ್ರಿ ‘ಷಾರ್ಲ್’ ಅಂತಷ್ಟೇ ಬರೆದಿದ್ದರು. ನಮ್ಮವರು ಆ ಕಿರಿಯವನ ಕವಲು. ಅವನು ಸಿಗದೇ ಇದ್ದಾಗ ಪಕ್ಕದ ಊರಿನ, ಅದೇ ವಯಸ್ಸಿನ, ಅದೇ ಹೆಸರಿನ ಇನ್ನೊಬ್ಬನನ್ನು ತಂದು ಅಲ್ಲಿ ಕೂರಿಸಿದೆ. ವಯಸ್ಸು ಸರಿಹೋಯಿತು, ಊರು ಹತ್ತಿರವಿತ್ತು, ಅವನ ತಾಯಿ ಯಾರೆಂದು ಮಾತ್ರ ನೋಡಲಿಲ್ಲ. ಆ ಒಂದು ಸಾಲು ಓದಿದ್ದರೆ ಸಾಕಿತ್ತು. ಚೌಕಟ್ಟು ಹಾಕಿಸಿಕೊಟ್ಟ ವಂಶವೃಕ್ಷವನ್ನು ಅತ್ತೆ ಹಜಾರದಲ್ಲಿ ತೂಗುಹಾಕಿಕೊಂಡರು, ಬಂದವರಿಗೆಲ್ಲ ತೋರಿಸಿದರು. ಅದರಲ್ಲಿದ್ದ ಅಜ್ಜಂದಿರು ಅತ್ತೆಯ ಮನೆತನದವರಲ್ಲ ಅಂತ ನನಗೆ ತಿಳಿಯುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು.

ಆದ್ದರಿಂದ ಅಳಿಯನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಮದುವೆಯಿಂದ ಮದುವೆಗೆ. ಕ್ವಿಬೆಕ್‌ನ ಕ್ಯಾಥೊಲಿಕ್ ಮದುವೆ ದಾಖಲೆಗಳಲ್ಲಿ ಸಾಮಾನ್ಯವಾಗಿ ವಧೂವರರಿಬ್ಬರ ತಂದೆತಾಯಿಯ ಹೆಸರೂ ಇರುತ್ತದೆ, ಹೆಂಗಸರದು ತವರಿನ ಹೆಸರಲ್ಲೇ. ಗಂಡಿನ ಮನೆತನದ ಹೆಸರು ತಲೆಮಾರಿಗೊಂದು ಥರ ಬದಲಾದರೂ ತಾಯಿಯ ಹೆಸರು ಸಾಮಾನ್ಯವಾಗಿ ಕೈಬಿಡುವುದಿಲ್ಲ. ಅದನ್ನೇ ಹಿಡಿದುಕೊಳ್ಳಿ.

ಲಾಂಛನ ಬೇಡವೇ ಬೇಡ. ಲಾಂಛನ ಒಂದೊಂದು ಕುಟುಂಬದ್ದು, ಹೆಸರಿನದ್ದಲ್ಲ. ‘ಲಾಜನೆಸ್ ಲಾಂಛನ’ ಅಂತ ಮಾರುವವರು ನಿಮ್ಮ ಮೊಮ್ಮಗಳಿಗೆ ಸಂಬಂಧವಿಲ್ಲದ ಚಿತ್ರ ಕೊಡುತ್ತಾರೆ.

ಅಳಿಯನ ಮುತ್ತಜ್ಜ ಅಮೆರಿಕದ ಲೋವೆಲ್‌ನಲ್ಲಿ ಗಿರಣಿ ಕೆಲಸಕ್ಕಿದ್ದರು ಅಂತಲೂ ಬರೆದಿದ್ದೀರಿ. 1840ರಿಂದ 1930ರೊಳಗೆ ಸುಮಾರು 9 ಲಕ್ಷ ಜನ ಕ್ವಿಬೆಕ್ ಬಿಟ್ಟು ಆ ಕಡೆ ಹೋದರು. ಅಲ್ಲಿ ಹೆಸರಿನ ಅರ್ಥವನ್ನೇ ಇಂಗ್ಲಿಷಿಗೆ ತಿರುಗಿಸಿ ಎಷ್ಟೋ ಲಾಜನೆಸ್‌ಗಳು ಯಂಗ್ ಆದರು, ಲೆಬ್ಲಾಂಗಳು ವೈಟ್ ಆದರು. ಜನಗಣತಿಯಲ್ಲಿ ಮುತ್ತಜ್ಜ ಸಿಗದಿದ್ದರೆ ಯಂಗ್ ಅಂತ ಹುಡುಕಿ. ಆಮೇಲೆ ಆ ಊರಿನ ಫ್ರೆಂಚ್ ಚರ್ಚಿನ ಮದುವೆ ರಿಜಿಸ್ಟರ್ ನೋಡಿ, ಹಳೆಯ ಹೆಸರು ಅಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು.