ಅಷ್ಟು ದೇಶ ಸುತ್ತಿಸಿದಿರಿ, ಕೂರಲು ಜಾಗ ಕೊಡಲಿಲ್ಲ

ಪ್ರಿಯ ಬರಹಗಾರರೇ,

‘ಜಗತ್ತೇ ನಿಮ್ಮ ಹಜಾರದಲ್ಲಿ’ ಎಂಬ ನಿಮ್ಮ ಲೇಖನ ತಲುಪಿತು. ಬೇರೆ ಬೇರೆ ಸಂಸ್ಕೃತಿಗಳಿಂದ, ದಿನನಿತ್ಯದ ಸಣ್ಣ ಸುಖಗಳಿಂದ ಮನೆ ಅಲಂಕರಿಸುವುದು ಹೇಗೆ ಎಂಬುದು ನಿಮ್ಮ ವಿಷಯ. ಭಾಷೆ ಸಲೀಸಾಗಿದೆ. ವಾಕ್ಯಗಳು ತೊಡರುವುದಿಲ್ಲ. ಹೇಳಿದ ಅಳತೆಗೆ ಮುಗಿಸಿದ್ದೀರಿ, ಅದು ನಮ್ಮಲ್ಲಿಗೆ ಬರುವ ಬರಹಗಳಲ್ಲಿ ಅಪರೂಪ. ಹೊಗಳಿಕೆ ಇಷ್ಟು ಸಾಕು. ಯಾಕೆಂದರೆ ನನಗೆ ಸಿಟ್ಟು ಬಂದಿದೆ. ಸಿಟ್ಟು ಬರಿಸದ ಲೇಖನಕ್ಕೆ ನಾನು ಎರಡು ಸಾಲು ಬರೆದು ಸುಮ್ಮನಾಗುತ್ತೇನೆ, ಇಷ್ಟುದ್ದ ಬರೆಯುವುದಿಲ್ಲ.

ನಿಮ್ಮ ಎರಡನೇ ಪ್ಯಾರಾದ ಈ ಸಾಲು ನೋಡಿ: ‘ಒಂದು ಮೂಲೆಗೆ ಮೊರಾಕನ್ ಟಚ್ ಕೊಡಿ, ಇನ್ನೊಂದಕ್ಕೆ ಜಪಾನಿನ ಶಾಂತಿ, ಗೋಡೆಗೆ ಆಫ್ರಿಕಾದ ಬಣ್ಣ, ದೀಪಕ್ಕೆ ಡೆನ್ಮಾರ್ಕಿನ ಬೆಚ್ಚನೆ, ಕಿಟಕಿಗೆ ಇಂಗ್ಲಿಷ್ ಹಳ್ಳಿಮನೆಯ ಹೂವಿನ ಪರದೆ.’

ಓದಲು ಚೆನ್ನಾಗಿದೆ. ಆದರೆ ಓದಿದವರು ಎದ್ದು ಹೋಗಿ ಏನು ಮಾಡಬೇಕು? ಒಂದೊಂದಾಗಿ ನೋಡೋಣ.

‘ಮೊರಾಕನ್ ಟಚ್.’ ಏನದು? ಹಿತ್ತಾಳೆಯ ದೀಪವೇ, ಚರ್ಮದ ಪೀಠವೇ, ಟೈಲ್ಸೇ? ಮುಂದೆ ಎಲ್ಲೋ ‘ಜ್ಯಾಮಿತಿಯ ವಿನ್ಯಾಸ’ ಎಂದಿರುವುದರಿಂದ ಟೈಲ್ಸ್ ಎಂದುಕೊಂಡೆ. ಫೆಜ್ ನಗರದ ಝೆಲ್ಲೀಜ್ ಕೆಲಸ ನಿಮಗೆ ಗೊತ್ತಿದ್ದರೆ ‘ಟಚ್’ ಎಂಬ ಪದ ನಿಮ್ಮ ಕೈಯಿಂದ ಹೊರಡುತ್ತಿರಲಿಲ್ಲ. ಬಣ್ಣದ ಹೊಳಪು ಕೊಟ್ಟು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಸುತ್ತಿಗೆಯಲ್ಲಿ ಚಕಚಕ ಕೆತ್ತಿ ನಕ್ಷತ್ರ, ಪಟ್ಟಿ, ಚೌಕಗಳನ್ನು ಮಾಡುತ್ತಾರೆ. ಗೋಡೆಯ ಫಲಕವಾದರೆ ಆ ಚೂರುಗಳನ್ನು ಬಣ್ಣದ ಮುಖ ಕೆಳಗೆ ಮಾಡಿ ಜೋಡಿಸಿ, ಬೆನ್ನಿಗೆ ಗಾರೆ ಹಾಕುತ್ತಾರೆ. ಅಂದರೆ ಜೋಡಿಸುವವನಿಗೆ ತನ್ನ ಚಿತ್ತಾರ ಕಾಣುವುದೇ ಇಲ್ಲ! ನೆನಪಿನಲ್ಲೇ ಎಲ್ಲ. ಫಲಕ ಎತ್ತಿ ನಿಲ್ಲಿಸಿದ ಮೇಲೆ ಗೊತ್ತಾಗುವುದು. ಇಷ್ಟು ಬರೆದಿದ್ದರೆ ಓದುಗ ಕೈಕೆಲಸದ ಟೈಲ್ಸಿನ ಅಂಚು ಯಾಕೆ ಒಂದರಂತೆ ಒಂದು ಇರುವುದಿಲ್ಲ ಎಂದು ತಿಳಿದುಕೊಳ್ಳುತ್ತಿದ್ದ. ಈಗ ಅವನು ಅಂಟಿಸುವ ಸ್ಟಿಕ್ಕರ್ ತರುತ್ತಾನೆ.

‘ಜಪಾನಿನ ಶಾಂತಿ.’ ಇದಕ್ಕೆ ಬಿದಿರಿನ ಚಾಪೆ, ಬುದ್ಧನ ಮುಖ, ಬಿಳಿ ಬೆಣಚುಕಲ್ಲು, ಬೋನ್ಸಾಯ್ ತನ್ನಿ ಎಂದಿದ್ದೀರಿ. ಶಾಂತಿಗೆ ನಾಲ್ಕು ಸಾಮಾನು! ಜಪಾನಿನ ಹಳೆಯ ಮಾದರಿಯ ಮನೆಗಳಲ್ಲಿ ಟೋಕೊನೊಮಾ ಎಂಬ ಗೂಡಿನಂಥ ಜಾಗ ಇರುತ್ತದೆ. ಅಲ್ಲಿ ಒಂದು ಸುರುಳಿ ಚಿತ್ರ ತೂಗುಹಾಕಿ, ಒಂದಿಷ್ಟು ಹೂವು ಇಡುತ್ತಾರೆ. ಋತು ಬದಲಾದರೆ ಚಿತ್ರ ಬದಲಾಗುತ್ತದೆ. ಬರುವ ಅತಿಥಿಯನ್ನು ನೋಡಿಕೊಂಡೂ ಬದಲಾಯಿಸುವುದುಂಟು. ಮಿಕ್ಕ ಚಿತ್ರಗಳೆಲ್ಲ ಸುತ್ತಿ ಪೆಟ್ಟಿಗೆಯೊಳಗೆ. ಆ ಕೋಣೆ ಶಾಂತವಾಗಿ ಕಾಣುವುದು ಒಳಗೆತ್ತಿಟ್ಟ ವಸ್ತುಗಳಿಂದ. ಹಾಗಿರುವಾಗ ನಿಮ್ಮ ಸಲಹೆ ‘ಏನು ಎತ್ತಿಡಬೇಕು’ ಎಂಬುದರಿಂದ ಶುರುವಾಗಬೇಕಿತ್ತು ಅಲ್ವಾ?

‘ಆಫ್ರಿಕಾದ ಬಣ್ಣ.’ ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡಕ್ಕೆ ಒಂದು ಬಣ್ಣ! ನೀವು ಹೇಳಿದ್ದು ಕೆಂಪು, ಹಳದಿ, ಕಡು ಹಸಿರು. ಅದು ಘಾನಾದ ಕೆಂಟೆ ಬಟ್ಟೆಗೆ ಒಪ್ಪಬಹುದು. ಕಿರಿದಾದ ಪಟ್ಟಿಗಳಾಗಿ ನೇಯ್ದು, ಪಕ್ಕಪಕ್ಕ ಹೊಲಿದು ಮಾಡುವ ಬಟ್ಟೆ ಅದು. ಮಾಲಿ ದೇಶದ ಬೊಗೊಲಾನ್ ಬಟ್ಟೆ ನೋಡಿದರೆ ಅಲ್ಲಿ ಕಪ್ಪು, ಕಂದು, ಕೆನೆಬಣ್ಣ. ಮೊದಲು ಬಟ್ಟೆಯನ್ನು ಎಲೆಗಳ ಕಷಾಯದಲ್ಲಿ ಅದ್ದುತ್ತಾರೆ. ಆಮೇಲೆ ಹುದುಗಿಸಿಟ್ಟ ಕೆಸರಿನಿಂದ ಚಿತ್ರ ಬಿಡಿಸುತ್ತಾರೆ. ಎಲೆಯ ಒಗರೂ ಮಣ್ಣಿನ ಕಬ್ಬಿಣವೂ ಕೂಡಿ ಕಪ್ಪಾಗುತ್ತದೆ. ಕೆಸರು ತೊಳೆದರೂ ಆ ಕಪ್ಪು ಹೋಗುವುದಿಲ್ಲ. ದಕ್ಷಿಣ ಆಫ್ರಿಕಾದ ಎನ್‌ಡೆಬೆಲೆ ಹೆಂಗಸರು ತಮ್ಮ ಮನೆಯ ಗೋಡೆಗೆ ಬರೆಯುವುದು ಇನ್ನೂ ಬೇರೆ. ನೀವು ಇವುಗಳಲ್ಲಿ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಿರಿ? ಯಾವುದನ್ನೂ ಇಟ್ಟುಕೊಂಡಿರಲಿಲ್ಲ ಎಂಬ ಅನುಮಾನ ನನಗೆ.

‘ಡೆನ್ಮಾರ್ಕಿನ ಬೆಚ್ಚನೆ.’ ಇದರ ಕೆಳಗೆ ಮೇಣದಬತ್ತಿಗಳ ದೊಡ್ಡ ಪಟ್ಟಿಯೇ ಇದೆ. ಡಿಸೆಂಬರಿನಲ್ಲಿ ಕೋಪನ್‌ಹೇಗನ್‌ಗೆ ಹಗಲು ಸಿಗುವುದು ದಿನಕ್ಕೆ ಸುಮಾರು 7 ಗಂಟೆ. ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿಯಾಗಿರುತ್ತದೆ. ದೀಪದ ಬಗ್ಗೆ ಆ ಜನ ಅಷ್ಟು ತಲೆಕೆಡಿಸಿಕೊಂಡದ್ದು ಈ ಕತ್ತಲೆಯಿಂದ. ಅಲ್ಲಿನ ವಿನ್ಯಾಸಕಾರ ಪೌಲ್ ಹೆನ್ನಿಂಗ್ಸೆನ್ 1958ರಲ್ಲಿ ರೂಪಿಸಿದ ಪಿಎಚ್ 5 ದೀಪ ಇವತ್ತಿಗೂ ಮಾರಾಟದಲ್ಲಿದೆ. ಅದರ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಿದ್ದಾರೆಂದರೆ, ಮೇಜಿನ ಸುತ್ತ ಕೂತವರಿಗೆ ಬಲ್ಬು ಕಣ್ಣಿಗೆ ಚುಚ್ಚುವುದಿಲ್ಲ. ಮೇಜಿಗೂ ಎದುರಿನವರ ಮುಖಕ್ಕೂ ಬೆಳಕು ಬೀಳುತ್ತದೆ. ‘ದೀಪ ತಗ್ಗಿಸಿ, ಬಲ್ಬು ಮರೆಮಾಡಿ’ ಎಂದು ನಾಲ್ಕೇ ಪದ ಬರೆದಿದ್ದರೂ ಓದುಗನಿಗೆ ಏನೋ ಸಿಗುತ್ತಿತ್ತು. ಖರ್ಚೂ ಇಲ್ಲ.

ಇನ್ನು ‘ಇಂಗ್ಲಿಷ್ ಹಳ್ಳಿಮನೆಯ ಹೂವಿನ ಪರದೆ.’ ಇಲ್ಲಿ ನಾನು ನಕ್ಕೆ. ಆ ಹೂವಿನ ಬಟ್ಟೆ, ಅವರು ಚಿಂಟ್ಜ್ ಅನ್ನುವುದು, ಭಾರತದಿಂದ ಹಡಗಿನಲ್ಲಿ ಹೋದದ್ದು. ಕೋರಮಂಡಲ ತೀರದಲ್ಲಿ ಕೈಯಿಂದ ಬಣ್ಣ ಹಾಕಿದ ಹತ್ತಿ ಬಟ್ಟೆ. ಅದಕ್ಕೆ ಅಲ್ಲಿನ ಜನ ಎಷ್ಟು ಮರುಳಾದರೆಂದರೆ ಅವರ ಉಣ್ಣೆ, ರೇಷ್ಮೆ ನೇಕಾರರು ರೊಚ್ಚಿಗೆದ್ದರು. ಫ್ರಾನ್ಸ್ 1686ರಲ್ಲೇ ನಿಷೇಧ ಹಾಕಿತು. ಬ್ರಿಟನ್ 1721ರ ಕಾಯ್ದೆಯಲ್ಲಿ ಬಣ್ಣದ ಅಚ್ಚಿನ ಹತ್ತಿ ಬಟ್ಟೆ ಉಡುವುದನ್ನೂ ಮನೆಗೆ ಬಳಸುವುದನ್ನೂ ತಡೆಯಿತು. ನೀವು ‘ಅಪ್ಪಟ ಇಂಗ್ಲಿಷ್’ ಎಂದು ಕಿಟಕಿಗೆ ತೂಗುಹಾಕಿದ್ದು ಒಂದು ಕಾಲಕ್ಕೆ ಅಲ್ಲಿ ಕಾನೂನುಬಾಹಿರ ಪರದೆ. ನೀಲಿ-ಬಿಳಿ ಪಿಂಗಾಣಿಯದೂ ಇದೇ ಕತೆ. ನೀಲಿ ಬಣ್ಣ ಕೊಡುವ ಪರ್ಷಿಯಾದ ಕೋಬಾಲ್ಟ್ ಚೀನಾದ ಪಿಂಗಾಣಿಯ ಊರು ಜಿಂಗ್‌ಡೆಝೆನ್‌ಗೆ ಹೋಯಿತು, ಅಲ್ಲಿನ ಪಾತ್ರೆ ನೋಡಿ ಹಾಲೆಂಡಿನ ಡೆಲ್ಫ್ಟ್‌ನವರು ತಮ್ಮದನ್ನು ಮಾಡಿದರು. ಈ ಮೂಲೆ ಈ ದೇಶದ್ದು, ಆ ಮೂಲೆ ಆ ದೇಶದ್ದು ಎಂದು ಗೆರೆ ಎಳೆಯಲು ವಸ್ತುಗಳೇ ಬಿಡುವುದಿಲ್ಲ.

ನಾನು ಯಾಕೆ ಇಷ್ಟು ಜಗಳ ತೆಗೆಯುತ್ತೇನೆ ಎಂದರೆ, ನನ್ನನ್ನು ಬೆಳೆಸಿದವರು ಹೀಗೆಯೇ ಜಗಳವಾಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗ ಸಿಕ್ಕಿದ್ದು ಫೋಟೋಗಳಿಗೆ ಕ್ಯಾಪ್ಶನ್ ಬರೆಯುವ ಕೆಲಸ. ಮನೆ, ಕೋಣೆ, ಕುರ್ಚಿ, ಹೂದಾನಿಗಳ ಫೋಟೋಗಳು. ನಮ್ಮ ಹಿರಿಯರು ಒಂದು ಹಾಳೆಯಿಂದ ಫೋಟೋ ಮುಚ್ಚಿ, ಕ್ಯಾಪ್ಶನ್ ಮಾತ್ರ ಜೋರಾಗಿ ಓದುತ್ತಿದ್ದರು. ಆಮೇಲೆ ಪ್ರಶ್ನೆ. ‘ಇಲ್ಲಿ ಯಾರು ಕೂರ್ತಾರೆ? ಬೆಳಕು ಯಾವ ಕಡೆಯಿಂದ? ಮುಟ್ಟಿದರೆ ಒರಟೋ, ನುಣುಪೋ?’ ಕ್ಯಾಪ್ಶನ್‌ನಲ್ಲಿ ಉತ್ತರ ಸಿಗದಿದ್ದರೆ ಮತ್ತೆ ಬರೆಯಬೇಕು. ಒಮ್ಮೆ ನನ್ನನ್ನು ಒಬ್ಬ ಬಡಗಿಯ ಹತ್ತಿರ ಕಳಿಸಿದರು, ಸುಮ್ನೆ ಕೂತು ಬಾ ಎಂದು. ಆತ ರಿಪೇರಿಗೆ ಬಂದ ಕುರ್ಚಿಯ ಕಾಲು, ಬೆನ್ನು ಯಾವುದನ್ನೂ ಮೊದಲು ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದ. ಪಾಲಿಶ್ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ, ‘ಇವರು ಎಡಕ್ಕೆ ವಾಲಿ ಕೂರ್ತಾರೆ’ ಅನ್ನುತ್ತಿದ್ದ. ಆ ಮಧ್ಯಾಹ್ನ ಕಲಿತದ್ದನ್ನೇ ನಾನು ಇನ್ನೂ ಬಳಸುತ್ತಿದ್ದೇನೆ, ನಿಮ್ಮ ಮೇಲೆ ಕೂಡ.

ನಿಮ್ಮ ‘ದಿನನಿತ್ಯದ ಸುಖ’ದ ಭಾಗಕ್ಕೆ ಬರೋಣ. ‘ಮಳೆಯ ಸಂಜೆ, ಕೈಯಲ್ಲಿ ಬಿಸಿ ಬಿಸಿ ಕಪ್, ಮಡಿಲಲ್ಲಿ ಪುಸ್ತಕ, ಮೇಲೆ ಮೆತ್ತನೆಯ ಹೊದಿಕೆ. ಸುಖಕ್ಕೆ ಇನ್ನೇನು ಬೇಕು?’

ಬೇಕು. ಕಪ್ ಇಡಲು ಒಂದು ಜಾಗ ಬೇಕು. ಒಂದು ಕೈಯಲ್ಲಿ ಕಪ್ ಹಿಡಿದು ಪುಟ ತಿರುಗಿಸಿ ನೋಡಿ, ಎಷ್ಟು ಹೊತ್ತು ಆಗುತ್ತದೆ! ಕುರ್ಚಿಯ ಕೈಯಷ್ಟೇ ಎತ್ತರದ ಒಂದು ಸಣ್ಣ ಮೇಜು, ಬಗ್ಗದೆ ಕೈಗೆಟುಕುವ ದೂರದಲ್ಲಿ ಇರಬೇಕು. ಮಳೆಯ ಸಂಜೆ ಎಂದರೆ ಮಬ್ಬು, ಹಾಗಾಗಿ ಭುಜದ ಹಿಂದಿನಿಂದ ಪುಟದ ಮೇಲೆ ಬೀಳುವ ದೀಪ ಬೇಕು. ಹೊದಿಕೆ ಎದ್ದು ಹೋಗಿ ತರುವಂತಿದ್ದರೆ ಯಾರೂ ತರುವುದಿಲ್ಲ, ಕುರ್ಚಿಯ ಬೆನ್ನಿಗೇ ಇರಬೇಕು. ಅಲಂಕಾರ ಎಂದು ನೀವು ಬರೆಯಬೇಕಾದದ್ದು ಇದು. ನಿಮ್ಮ ಸಾಲಿನಲ್ಲಿರುವ ಸುಖ ಯಾರದೂ ಅಲ್ಲ, ಕ್ಯಾಲೆಂಡರಿನ ಚಿತ್ರದ್ದು.

ಇಷ್ಟೆಲ್ಲ ಬೈದರೂ ಲೇಖನವನ್ನು ಬದಿಗೆ ಸರಿಸದೆ ಇಟ್ಟುಕೊಂಡದ್ದು ಎಂಟನೇ ಪ್ಯಾರಾದ ಒಂದು ತುಣುಕಿಗಾಗಿ. ‘ನಾಲ್ಕೂವರೆಗೆ ಬಿಸಿಲು ಕಪಾಟಿನ ಎರಡನೇ ಹಲಗೆಗೆ ಬರುತ್ತದೆ. ಅಲ್ಲಿನ ಪುಸ್ತಕಗಳ ಬೆನ್ನು ಮಾಸಿ ಹೆಸರೇ ಕಾಣುವುದಿಲ್ಲ. ಆದರೂ ಪರದೆ ಎಳೆಯಲು ಮನಸ್ಸಾಗುವುದಿಲ್ಲ.’ ಇದನ್ನು ಮತ್ತೆ ಮತ್ತೆ ಓದಿದೆ. ಇದರಲ್ಲಿ ಒಂದು ಮನೆ ಇದೆ, ಹೊತ್ತು ಇದೆ, ಒಬ್ಬ ಮನುಷ್ಯರ ಹಠ ಇದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1539-40ರ, ಇರಾನಿನ ಅರ್ದಬಿಲ್ ರತ್ನಗಂಬಳಿ ಇದೆ. ಬಣ್ಣ ಮಾಸಬಾರದೆಂದು ಅದಕ್ಕೆ ಅರ್ಧ ಗಂಟೆಗೊಮ್ಮೆ 10 ನಿಮಿಷ ಮಾತ್ರ ದೀಪ ಹಾಕುತ್ತಾರೆ. ಮ್ಯೂಸಿಯಂಗೆ ಅದು ಸರಿ. ನೀವು ಬಿಸಿಲು ಬೇಕೋ ಬಣ್ಣ ಬೇಕೋ ಎಂದು ಕೇಳಿಕೊಂಡು ಬಿಸಿಲು ಆರಿಸಿದ್ದೀರಿ. ಮನೆ ಅಲಂಕಾರದ ಬಗ್ಗೆ ಇಡೀ ಲೇಖನದಲ್ಲಿರುವ ಒಂದೇ ಒಂದು ನಿರ್ಧಾರ ಅದು.

ಅದರ ಮುಂದಿನ ಸಾಲೇ ‘ಇದನ್ನೇ ಜಪಾನೀಯರು ವಾಬಿ-ಸಾಬಿ ಎನ್ನುತ್ತಾರೆ.’ ಹಳತಾದದ್ದರಲ್ಲಿ, ಮಾಸಿದ್ದರಲ್ಲಿ ಚೆಲುವು ಕಾಣುವುದಕ್ಕೆ ಅವರಿಟ್ಟ ಹೆಸರು ಅದು. ಅಯ್ಯೋ! ನೀವೇ ಕಂಡದ್ದಕ್ಕೆ ಹೊರಗಿನಿಂದ ಚೀಟಿ ತಂದು ಅಂಟಿಸಿದಿರಿ. ನಿಮ್ಮ ಬಿಸಿಲಿನ ಮೇಲೆ ನಿಮಗೇ ನಂಬಿಕೆ ಇಲ್ಲವೇನೋ ಅನ್ನಿಸುತ್ತದೆ. ಆ ಸಾಲು ಹೊಡೆದುಹಾಕಿ.

ಲೇಖನವನ್ನು ಆ ಕಪಾಟಿನಿಂದ ಶುರುಮಾಡಿ. ಪರದೇಶದ ವಸ್ತುಗಳಲ್ಲಿ ನೀವು ಕೈಯಾರೆ ಮುಟ್ಟಿದ, ಬಳಸಿದ ಒಂದೆರಡನ್ನು ಮಾತ್ರ ಉಳಿಸಿಕೊಳ್ಳಿ. ಅವನ್ನು ಯಾರು, ಯಾತಕ್ಕಾಗಿ ಮಾಡಿದರು ಎಂದು ಬರೆದು, ನಿಮ್ಮ ಮನೆಯಲ್ಲಿ ಅವು ಮಾಡುವ ಕೆಲಸವನ್ನು ಹೇಳಿ. ಬಣ್ಣ ಹೊಂದಿಸುವುದು, ಗಿಡಗಳನ್ನಿಡುವುದು ಇತ್ಯಾದಿ ಪ್ಯಾರಾಗಳ ಬಗ್ಗೆ ನಾನು ಏನೂ ಹೇಳಿಲ್ಲ. ಅವು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಒಡೆದ ಪಾತ್ರೆ ಜೋಡಿಸುವ ಜಪಾನಿನ ಕಲೆ ಕಿಂತ್ಸುಗಿಯ ಪ್ಯಾರಾದಲ್ಲಿ ‘ಹೊಸ ಬಟ್ಟಲು ತಂದು ಒಡೆದು, ಚಿನ್ನದ ಬಣ್ಣದಲ್ಲಿ ಅಂಟಿಸಿ’ ಎಂದಿದ್ದೀರಲ್ಲ, ಅದನ್ನಂತೂ ಇವತ್ತೇ ತೆಗೆಯಿರಿ. ಒಡೆದುಹೋದ ಬಟ್ಟಲನ್ನು ಬಿಸಾಡಲು ಮನಸ್ಸು ಬಾರದವರು ಮರದಿಂದ ತೆಗೆದ ಅಂಟುರಸ ಹಚ್ಚಿ, ಅದು ಗಟ್ಟಿಯಾಗಲು ವಾರಗಟ್ಟಲೆ ಕಾದು, ಚಿನ್ನದ ಪುಡಿ ಉದುರಿಸುವ ಕೆಲಸ ಅದು.

ತಿದ್ದಿದ ಪ್ರತಿಯ ಜೊತೆ ಫೋಟೋ ಬೇಡ. ಬೇಕೆನಿಸಿದರೆ ನಾನೇ ಕೇಳುತ್ತೇನೆ.

ಸಂಪಾದಕ