ತರಬೇತಿ ಕೊಟ್ಟರೆ ಸಾಕಾ?

ಪ್ರಶ್ನೆ: ನಾವು ಕೆಜಿಎಫ್‌ನವರು. ಜಾರ್ಖಂಡ್ ಕಡೆ ಕಲ್ಲಿದ್ದಲು ಗಣಿಗಳು ಮುಚ್ಚಿದರೆ ಕಾರ್ಮಿಕರಿಗೆ ಹೊಸ ಕೆಲಸದ ತರಬೇತಿ ಕೊಟ್ಟರಾಯ್ತು ಅಂತ ಟಿವಿಯಲ್ಲಿ ಮಾತಾಡುತ್ತಿದ್ದರು. ಇಂಥ ತರಬೇತಿಯಿಂದ ಎಲ್ಲಾದರೂ ಒಳ್ಳೆಯದಾಗಿದೆಯಾ?

ಉತ್ತರ: ಆಗಿದೆ, ಆದರೆ ಬರೀ ತರಬೇತಿಯಿಂದ ಅಲ್ಲ. ಜರ್ಮನಿಯ ರೂರ್ ಪ್ರದೇಶ ನೋಡಿ. 1958ರ ಹೊತ್ತಿಗೆ ಅಗ್ಗದ ತೈಲ, ಹೊರದೇಶದ ಕಲ್ಲಿದ್ದಲು ಬಂದು ಅಲ್ಲಿನ ಗಣಿಗಳಿಗೆ ಏಟು ಬಿತ್ತು. ಕೊನೆಯ ಗಣಿ, ಬೊಟ್ರೊಪ್ ಊರಿನ ಪ್ರಾಸ್ಪರ್-ಹಾನಿಯೆಲ್, ಮುಚ್ಚಿದ್ದು 2018ರ ಡಿಸೆಂಬರ್‌ನಲ್ಲಿ. ಅರವತ್ತು ವರ್ಷ! ಈ ಕಾಲಾವಕಾಶವೇ ಅವರನ್ನು ಕಾಪಾಡಿತು ಅಂತ ನನ್ನ ನಂಬಿಕೆ. 1968ರಲ್ಲಿ ಹೆಚ್ಚಿನ ಗಣಿಗಳನ್ನು ಒಂದೇ ಕಂಪನಿಗೆ ಸೇರಿಸಿದ್ದರಿಂದ ಒಂದು ಗಣಿ ಮುಚ್ಚಿದರೆ ಅಲ್ಲಿನವರನ್ನು ಇನ್ನೊಂದಕ್ಕೆ ಕಳಿಸಬಹುದಾಗಿತ್ತು. ಆಮೇಲಾಮೇಲೆ, ನೆಲದಡಿ ದುಡಿದು ಐವತ್ತು ತುಂಬಿದವರು ಕೆಲಸ ಬಿಟ್ಟರೆ ಪಿಂಚಣಿ ಶುರುವಾಗುವ ತನಕ ಪ್ರತಿ ತಿಂಗಳು ಹಣ ಕೈಗೆ ಬರುವ ಏರ್ಪಾಡೂ ಆಯಿತು. ಇಷ್ಟೆಲ್ಲ ಇದ್ದುದರಿಂದ, ತರಬೇತಿಗೆ ಹೋದ ಚಿಕ್ಕ ವಯಸ್ಸಿನವರಿಗೆ ನಾಳೆ ಒಲೆ ಹೊತ್ತುವುದು ಹೇಗೆ ಅನ್ನುವ ಭಯ ಕಡಿಮೆ ಇತ್ತು.

ಕೆಲಸವೂ ಹುಡುಕಿಕೊಂಡು ಬಂತು. ಅದೇ ಪ್ರದೇಶದ ಬೊಖುಮ್‌ನಲ್ಲಿ ಹಳೇ ಗಣಿಯ ಜಾಗದಲ್ಲೇ 1962ರಲ್ಲಿ ಓಪೆಲ್ ಕಾರ್ ಕಾರ್ಖಾನೆ ಎದ್ದಿತು, 1965ರಲ್ಲಿ ಅಲ್ಲೊಂದು ವಿಶ್ವವಿದ್ಯಾಲಯ ತೆರೆಯಿತು. ಅಪ್ಪ ಗಣಿಯಲ್ಲಿದ್ದರೂ ಮಗಳು ಓದಲು ದೂರ ಹೋಗಬೇಕಾಗಿರಲಿಲ್ಲ. ಹಾಗಂತ ಎಲ್ಲವೂ ಸರಿಹೋಯಿತು ಅನ್ನುವಂತಿಲ್ಲ. ಆ ಕಾರ್ಖಾನೆ 2014ರಲ್ಲಿ ಮುಚ್ಚಿತು, ಪಕ್ಕದ ಗೆಲ್ಸೆನ್‌ಕಿರ್ಖೆನ್‌ನಲ್ಲಿ ಇಂದಿಗೂ ನಿರುದ್ಯೋಗ ಜಾಸ್ತಿ.

ಬ್ರಿಟನ್ ಅವಸರಪಟ್ಟಿತು. 1984-85ರ ದೊಡ್ಡ ಮುಷ್ಕರ ಸೋತ ಮೇಲೆ ಹತ್ತೇ ವರ್ಷದಲ್ಲಿ ಬಹುತೇಕ ಗಣಿಗಳು ಮುಚ್ಚಿಹೋದವು. ಊರಲ್ಲಿ ಬೇರೆ ಕೆಲಸವೇ ಇಲ್ಲದೆ ಎಷ್ಟೋ ಗಂಡಸರು ಸರ್ಕಾರ ಕೊಡುವ ಅನಾರೋಗ್ಯ ಭತ್ಯೆಯ ಮೇಲೆ ಬದುಕಬೇಕಾಯಿತು. ಅಂಥ ಕಡೆ ಎಂಥ ಸರ್ಟಿಫಿಕೇಟ್ ಕೊಟ್ಟರೂ ಏನು ಉಪಯೋಗ ಹೇಳಿ?

ನಿಮ್ಮೂರಿನ ಕಥೆ ನಿಮಗೇ ಗೊತ್ತು. ಅಲ್ಲಿ ಅಗೆಯುತ್ತಿದ್ದದ್ದು ಚಿನ್ನ, ಆದರೆ ನೋವು ಅದೇ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಭಾರಿ ಯಂತ್ರ ತಯಾರಿಸುವ ಬೆಮೆಲ್ ಕಾರ್ಖಾನೆ ಮೊದಲಿನಿಂದಲೇ ಇದ್ದರೂ ಅದೊಂದೇ ಇಡೀ ಊರಿಗೆ ಅನ್ನ ಹಾಕಲು ಆಗುತ್ತಾ? ಈಗಲೂ ಸಾವಿರಾರು ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ಬಂದು ದುಡಿದು ರಾತ್ರಿ ಮನೆ ಸೇರುತ್ತಾರೆ.

ಜಾರ್ಖಂಡ್ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಕಾಯಂ ನೌಕರರ ಬಗ್ಗೆ ಅಲ್ಲ, ಅವರಿಗೆ ಪಿಎಫ್, ಯೂನಿಯನ್ ಇದೆ. ಗುತ್ತಿಗೆ ಕಾರ್ಮಿಕರಿದ್ದಾರೆ, ಲೋಡಿಂಗ್ ಮಾಡುವವರಿದ್ದಾರೆ, ಸೈಕಲ್ ಮೇಲೆ ಕಲ್ಲಿದ್ದಲು ಮೂಟೆ ಹೇರಿಕೊಂಡು ಮೈಲುಗಟ್ಟಲೆ ತಳ್ಳಿ ಮಾರುವವರಿದ್ದಾರೆ. ಇವರಲ್ಲಿ ಎಷ್ಟೋ ಜನರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಹಾಗಾಗಿ ಮುಂದಿನ ಸಲ ಯಾರಾದರೂ ತರಬೇತಿ ಅಂದರೆ ಕೇಳಿ: ಪಟ್ಟಿಯಲ್ಲಿ ಇವರ ಹೆಸರು ಇದೆಯಾ, ಕಲಿಯುವ ತಿಂಗಳುಗಳಲ್ಲಿ ಕೂಲಿ ಯಾರು ಕೊಡುತ್ತಾರೆ, ಕಲಿತ ಮೇಲೆ ಕೆಲಸ ಯಾವ ಊರಲ್ಲಿ?