ಮಗಳ ಸ್ಕೂಲಿನ ಸಾಂಟಾ ಪದ್ಯದ ಬಗ್ಗೆ ಕೇಳಿದ್ರಲ್ಲ, ಅದಕ್ಕೆ

ನಿಮ್ಮ ಪ್ರಶ್ನೆ ನೋಡಿದೆ. ಆಲ್ಬನಿಗೆ ಬಂದು ಮೂರೇ ತಿಂಗಳು, ಮಗಳು ಫಸ್ಟ್ ಗ್ರೇಡು, ಪೈಜಾಮಾ ಹಾಕ್ಕೊಂಡು ಬರ್ಬೇಕು, "ದಿ ನೈಟ್ ಬಿಫೋರ್ ಕ್ರಿಸ್ಮಸ್" ಪದ್ಯ ಓದ್ತೀವಿ ಅಂತ ಸ್ಕೂಲಿಂದ ಚೀಟಿ ಬಂದಿದೆ, ಊರಿಂದ ಅತ್ತೆ ಫೋನ್ ಮಾಡಿ ನಮ್ಮ ಹಬ್ಬ ಅಲ್ಲ ಬೇಡ ಅಂತಿದಾರೆ, ಕಳಿಸ್ಲಾ ಬೇಡ್ವಾ ಅಂತ. ಕಳ್ಸಿ ಕಣ್ರೀ. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ, ನನ್ನ ಇಬ್ರು ಮಕ್ಕಳಿಗೂ ಅದು ಬಾಯಿಪಾಠ.

ಮೊದ್ಲನೇದಾಗಿ ಅದ್ರಲ್ಲಿ ಏಸುವಿನ ಹೆಸ್ರೇ ಇಲ್ಲ. ಮನೆ ಮಂದಿಯೆಲ್ಲ ಮಲಗಿದಾರೆ, ಇಲಿ ಕೂಡ ಮಿಸುಕಾಡ್ತಿಲ್ಲ, ಹೊರಗೆ ಸದ್ದು ಕೇಳಿ ಅಪ್ಪ ಎದ್ದು ಕಿಟಕಿ ತೆಗ್ದು ನೋಡಿದ್ರೆ ಎಂಟು ಪುಟಾಣಿ ಹಿಮಸಾರಂಗ ಎಳ್ಕೊಂಡ್ ಬರ್ತಿರೋ ಗಾಡಿ, ಅದ್ರಲ್ಲೊಬ್ಬ ಮುದುಕ, ಚಿಮಣಿಯಿಂದ ಮೈಯೆಲ್ಲ ಮಸಿ ಮಾಡ್ಕೊಂಡು ಇಳ್ದು, ಮಕ್ಕಳ ಕಾಲುಚೀಲ ತುಂಬ್ಸಿ ಹೋಗ್ತಾನೆ. 56 ಸಾಲು, ಅಷ್ಟೇ ಕಥೆ. ಅಲ್ಲಿ ಸಾಂಟಾ ಒಬ್ಬ ಕುಳ್ಳ, ಗಾಡಿನೂ ಪುಟ್ಟದು, ಅದಕ್ಕೇ ಚಿಮಣಿಲಿ ಹಿಡಿಸ್ತಾನೆ! ಈಗಿನ ಸಾಂಟಾಗೆ ರೂಪ ಬಂದಿದ್ದು ಆಮೇಲೆ, ಹೆಚ್ಚಾಗಿ 1863ರಿಂದ ಥಾಮಸ್ ನ್ಯಾಸ್ಟ್ ಅನ್ನೋ ವ್ಯಂಗ್ಯಚಿತ್ರಕಾರ ಬರೆದ ಚಿತ್ರಗಳಿಂದ.

ಇದು ಮೊದ್ಲು ಅಚ್ಚಾಗಿದ್ದು ನಮ್ಮ ಪಕ್ಕದ ಟ್ರಾಯ್ ಊರಲ್ಲೇ, 1823ರ ಡಿಸೆಂಬರ್ 23ಕ್ಕೆ, ಟ್ರಾಯ್ ಸೆಂಟಿನೆಲ್ ಅನ್ನೋ ಪೇಪರಲ್ಲಿ, ಕವಿ ಹೆಸ್ರಿಲ್ದೆ. ಆಗೆಲ್ಲ ನ್ಯೂಯಾರ್ಕಲ್ಲಿ ಕ್ರಿಸ್ಮಸ್ ಅಂದ್ರೆ ಕುಡ್ಕೊಂಡು ಬೀದಿ ಬೀದಿ ಗಲಾಟೆ ಮಾಡೋದೂ ಇತ್ತು, ಸಾಂಟಾಗೆ ಮೂಲವಾದ ಡಚ್ಚರ ಸಂತ ನಿಕೋಲಸ್‌ನ ದಿನ ಬೇರೆನೇ, ಡಿಸೆಂಬರ್ 6. ಈ ಪದ್ಯ ಆ ಸಂತನ್ನ ಕ್ರಿಸ್ಮಸ್ ಹಿಂದಿನ ರಾತ್ರಿಗೆ ತಂದು, ಬೀದಿ ಹಬ್ಬನ ಮನೆ ಒಳಗೆ, ಮಕ್ಕಳ ಹಾಸಿಗೆ ಪಕ್ಕಕ್ಕೆ ಎಳ್ಕೊಂಡು ಬರೋದ್ರಲ್ಲಿ ದೊಡ್ಡ ಪಾತ್ರ ವಹಿಸ್ತು ನೋಡಿ.

ಬರೆದೋರು ಯಾರು ಅನ್ನೋದು ಇಲ್ಲಿಯವ್ರಿಗೆ ಇವತ್ತಿಗೂ ಜಗಳದ ವಿಷ್ಯ. ಕ್ಲೆಮೆಂಟ್ ಮೂರ್ ಅಂತ ನ್ಯೂಯಾರ್ಕಿನ ಸೆಮಿನರಿ, ಅಂದ್ರೆ ಪಾದ್ರಿಗಳಾಗೋರ ಕಾಲೇಜಿನ ಪ್ರೊಫೆಸರ್ರು, ಭಾರೀ ಗಂಭೀರ ಮನುಷ್ಯ, 1844ರಲ್ಲಿ ತಮ್ಮ ಕವನ ಪುಸ್ತಕಕ್ಕೆ ಸೇರಿಸ್ಕೊಂಡ್ರು. ಅಲ್ಲ, ನಮ್ಮಜ್ಜಂದು ಅಂತ ಹೆನ್ರಿ ಲಿವಿಂಗ್‌ಸ್ಟನ್ ವಂಶದವ್ರು. ಆ ಅಜ್ಜ ಪಾಪ 1828ರಲ್ಲೇ ತೀರ್ಕೊಂಡಿದ್ರು. ಟ್ರಾಯ್‌ನಲ್ಲಿ ಇದಕ್ಕೆ ಅಣಕು ಕೋರ್ಟೇ ನಡೆಸಿದ್ರು. ಮೊದಲ ಪ್ರಿಂಟಲ್ಲಿ ಕೊನೇ ಎರಡು ಸಾರಂಗದ ಹೆಸ್ರು ಡಂಡರ್, ಬ್ಲಿಕ್ಸೆಮ್, ಅಂದ್ರೆ ಡಚ್ ಮಾತಲ್ಲಿ ಗುಡುಗು, ಮಿಂಚು. ಲಿವಿಂಗ್‌ಸ್ಟನ್ ತಾಯಿ ಕಡೆಯವ್ರು ಡಚ್ಚರು, ನನಗಂತೂ ಆ ಕಡೆನೇ ಒಲವು. ಕೆಂಪು ಮೂಗಿನ ರುಡಾಲ್ಫ್ ಇದ್ರಲ್ಲಿಲ್ಲ, ಅದು 1939ರಲ್ಲಿ ಒಂದು ಅಂಗಡಿಯವ್ರು ಫ್ರೀ ಹಂಚಿದ ಪುಸ್ತಕದ್ದು.

ಇನ್ನೂರು ವರ್ಷ ಆದ್ರೂ ಯಾಕೆ ಹಳೇದಾಗಿಲ್ಲ ಅಂದ್ರೆ ನನ್ನ ಲೆಕ್ಕದಲ್ಲಿ ಲಯ. ತಕಧೀಂ ತಕಧೀಂ ತಕಧೀಂ ತಕಧೀಂ, ಸಾಲಿಗೆ ನಾಲ್ಕು ಪೆಟ್ಟು, ಗಾಡಿ ಓಡ್ದಂಗೇ. ಜೋರಾಗಿ ಓದಿ ನೋಡಿ, ಅರ್ಥ ಆಗ್ದಿದ್ರೂ ನಾಲಿಗೆ ತಾನೇ ಓಡತ್ತೆ. ನಮ್ಮಜ್ಜಿ ಗೋವಿನ ಹಾಡು ಹೇಳ್ತಿದ್ದಾಗ ನಮಗೆಷ್ಟು ಪದ ಗೊತ್ತಿತ್ತು ಹೇಳಿ, ಆದ್ರೂ ಅಳ್ತಿರ್ಲಿಲ್ವಾ?

ಆಮೇಲೆ ಒಂದು ಮಾತು, ನಾನು ಪೆಟ್ಟು ತಿಂದು ಕಲಿತಿದ್ದು. ಸಾಂಟಾ ಎಲ್ಲ ಸುಳ್ಳು ಅಂತ ಮಗನಿಗೆ ಮನೇಲಿ ಬುದ್ಧಿವಂತಿಕೆಯಿಂದ ಹೇಳ್ಕೊಟ್ಟಿದ್ದೆ, ಅವ್ನು ಹೋಗಿ ಕ್ಲಾಸಿಗೆಲ್ಲ ಗಿಫ್ಟ್ ಇಡೋದು ನಿಮ್ಮಪ್ಪಂದಿರೇ ಅಂತ ಹೇಳ್ಬಿಟ್ಟ, ಮೂರು ಮಕ್ಕಳು ಅತ್ತು ಟೀಚರ್ ನನಗೆ ಫೋನ್ ಮಾಡಿದ್ರು. ನಿಮ್ಮ ಮಗಳಿಗೆ ಏನೇ ಹೇಳಿ, ಕ್ಲಾಸಲ್ಲಿ ಬಾಯಿ ಬಿಡ್ಬೇಡ ಅಂತ ಮೊದ್ಲು ಹೇಳಿ.

ಪುಸ್ತಕ ಕೊಳ್ಬೇಡಿ, ಲೈಬ್ರರಿಲಿ ಈಗ್ಲೇ ಹೋಲ್ಡ್ ಹಾಕಿ, ಅಂದ್ರೆ ನಿಮಗೆ ಅಂತ ಕಾದಿರಿಸಿ, ಹಬ್ಬ ಹತ್ರ ಬಂದ್ರೆ ಒಂದು ಕಾಪಿನೂ ಸಿಗಲ್ಲ. ಪೈಜಾಮಾ ಹಳೇದೇ ಸಾಕು, ಆದ್ರೆ ಒಳಗೊಂದು ಥರ್ಮಲ್ ಹಾಕ್ಸಿ, ರಿಸೆಸ್‌ಗೆ, ಅಂದ್ರೆ ಆಟದ ಬಿಡುವಿಗೆ, ಹೊರಗೆ ಬಿಡ್ತಾರೆ.